ಜಪಾನಿಗೆ ಚೀನಾ ತಲೆಕಟ್ಟು

ಹೊಸಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಕೆಂಗೇರಿ ರೈಲಿಗೆ ಕಾಯುತ್ತಿದ್ದ ಕುಸುಮಮ್ಮನವರ ಕಿವಿ, ಬೇಡವೆಂದರೂ ಪಕ್ಕದ ಬೆಂಚಿನತ್ತಲೇ ಹೋಯಿತು. ಅಲ್ಲಿ ಕೂತಿದ್ದ ಹುಡುಗ ಹುಡುಗಿ ಇಬ್ಬರ ಕೊರಳಲ್ಲೂ ಒಂದೇ ಡಿಟಿಪಿ ಆಫೀಸಿನ ಗುರುತಿನ ಚೀಟಿ.

“ಜಪಾನಿ ಮ್ಯಾನ್ಯುಯಲ್‌ಗೆ ಯಾವ ಫಾಂಟ್ ಹಾಕ್ದೆ, ಕಲ್ಮೇಶ್?”

“ಲಿಸ್ಟಲ್ಲಿ ಮೊದ್ಲು ಕಂಡಿದ್ದು. ಒಂದಕ್ಷರಾನೂ ಮೂಡದೆ ಖಾಲಿ ಬಾಕ್ಸ್ ಆಗ್ಲಿಲ್ಲ, ಗೊತ್ತಾ!”

“ಅದು ಚೈನೀಸ್ ಫಾಂಟ್ ಕಣೋ.”

“ಅಕ್ಷರ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಅಲ್ವಾ, ವಚನಾ? ಓದಕ್ಕಾಗುತ್ತಲ್ಲ.”

“ಆಗುತ್ತೆ. ನಿನ್ನ ಮದುವೆ ಕಾರ್ಡಲ್ಲಿ ಕನ್ನಡಕ್ಕೆ ತೆಲುಗು ತಲೆಕಟ್ಟು ಹಾಕಿಸ್ತೀನಿ. ಅದನ್ನೂ ಓದಕ್ಕಾಗುತ್ತೆ. ನಿಮ್ಮಜ್ಜಿಗೆ ಕೊಡು.”

ಕುಸುಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

“ಅಜ್ಜಿ ಪ್ರೆಸ್ಸಿಗೇ ಬಂದು ಕಿವಿ ಹಿಂಡ್ತಾರೆ.”

“ಜಪಾನಲ್ಲೂ ಅಜ್ಜಿಯರಿದಾರೆ.”

“ನಾಳೆ ಬೆಳಿಗ್ಗೆ ಪ್ರಿಂಟ್‌ಗೆ ಹೋಗುತ್ತಲ್ಲೇ, ಇನ್ನೂರು ಪುಟ!”

“ಫಾಂಟ್ ಬದಲಾಯಿಸೋಕೆ ಎರಡು ನಿಮಿಷ. ಆಮೇಲೆ ಒಡೆದ ಸಾಲೆಲ್ಲ ಕೂಡಿಸೋಕೆ ಮೂರು ಗಂಟೆ.”

ರೈಲು ಬಂತು. ಕಲ್ಮೇಶ್ ಹತ್ತದೆ, ಮುಖ ಜೋಲು ಹಾಕಿಕೊಂಡು ವಾಪಸ್ ಆಫೀಸಿಗೆಂದು ಮೆಟ್ಟಿಲ ಕಡೆ ತಿರುಗಿದ. ಬೋಗಿಯೊಳಗೆ ಒಂದು ಕಾಲಿಟ್ಟಿದ್ದ ವಚನಾ ಅದನ್ನು ಹಿಂದಕ್ಕೆ ತೆಗೆದಳು.

“ನೀನ್ಯಾಕೆ ಇಳ್ದೆ?”

“ಒಬ್ಬನ್ನೇ ಬಿಟ್ರೆ ಈ ಸಲ ಕೊರಿಯಾದ್ದು ಹಾಕಿಬಿಡ್ತೀಯ. ನಡಿ.”