ಬಾಗಿಲ ಮೇಲಿನ ಡಬ್ಬಿ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಸಮುದ್ರ ದಾಟಿ ಬಂದು ಏಳು ಬಡ ಕುಟುಂಬಗಳ ಬಾಳಿಗೆ ನೆರಳಾದ ಸ್ವಯಂಸೇವಕ ಬಂಧುಗಳೇ, ಹಾಗೂ ಸಭಿಕರೇ. ನಿಮ್ಮ ಋಣವನ್ನು ನಾವು ಜನ್ಮಜನ್ಮಾಂತರಕ್ಕೂ ತೀರಿಸಲಾರೆವು.

ಓದೋದು ಇಲ್ಲಿಗೆ ಸಾಕು. ಇದು ಕಾರ್ಯದರ್ಶಿಗಳು ಬರೆದುಕೊಟ್ಟ ಹಾಳೆ. ಅಕ್ಷರ ದುಂಡಗಿದೆ, ನನ್ನ ಬಾಯಿಗೆ ಹೊಂದಲ್ಲ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟೋನು. "ಗೋಡೆಗೆ ಹೇಳಿದ್ರೂ ಅರ್ಥ ಆಗುತ್ತೆ, ನಿನಗಾಗಲ್ಲ, ಎದ್ದೋಗೋ" ಅಂದ್ರು ಲೆಕ್ಕದ ಮೇಷ್ಟ್ರು. ಎದ್ದು ಹೋದೆ. ಆವತ್ತಿಂದ ಗೋಡೆ ಜೊತೆಗೇ ನನ್ನ ಸಂಸಾರ. ಒಂಬತ್ತು ವರ್ಷದಿಂದ ಗಾರೆ ಕೆಲಸ.

ಮೂರು ನಿಮಿಷದಲ್ಲಿ ವಂದನೆ ಹೇಳಿ ಇಳೀಬೇಕು ಅಂದಿದ್ದಾರೆ. ನಾನು ಇಳಿದ ತಕ್ಷಣ ನೀವೆಲ್ಲ ಎದ್ದು ಏಳನೇ ಮನೆಗೆ ಹೋಗ್ತೀರ. ಹದಿನಾರು ಜನ ಸ್ವಯಂಸೇವಕರು ಮಾಳಿಗೆ ಮೇಲೆ ನಿಂತು ಕೈ ಬೀಸೋದು, ಕೆಳಗೆ ಬಾಗಿಲಲ್ಲಿ ಆ ಮನೆ ಸಿಕ್ಕಿರೋ ನಮ್ಮಕ್ಕ, ಅವಳ ಎರಡು ಮಕ್ಕಳು ನಿಂತು ನಗೋದು, ಫೋಟೋ ತೆಗೆಯೋದು. ಕಾರ್ಯಕ್ರಮದ ಪಟ್ಟಿಯಲ್ಲಿ ಹಾಗೇ ಬರೆದಿದೆ.

ಯಾರೂ ಹೋಗಬಾರದು. ಹೋದ್ರೆ ಆ ಬಾಗಿಲು ಕುಸಿದು ಅಕ್ಕ, ಮಕ್ಕಳ ತಲೆ ಮೇಲೆ ಕೂರುತ್ತೆ. ಅದಕ್ಕೇ ಈ ಮೈಕು ಹಿಡ್ಕೊಂಡಿದ್ದೀನಿ.

ಕಾರ್ಯದರ್ಶಿಗಳೇ, ಕೈಸನ್ನೆ ಮಾಡಬೇಡಿ, ನಂಗೆ ಕಾಣ್ತಿದೆ. ಆ ತಟ್ಟೆ ನೋಡಿ. ರಿಬ್ಬನ್ ಕಟ್ಟಿದ ಬೀಗದಕೈ ಆರೇ ಇದೆ. ಏಳನೇದು ನನ್ನ ಪ್ಯಾಂಟಿನ ಜೇಬಲ್ಲಿದೆ. ಮಾಳಿಗೆ ಏಣಿನೂ ಬೆಳಿಗ್ಗೆ ನಾನೇ ಬಚ್ಚಿಟ್ಟಿದ್ದೀನಿ.

ದುಭಾಷಿ ಮೇಡಮ್, ನಾನು ಹೇಳಿದ್ದನ್ನ ಹೇಳಿದ ಹಾಗೇ ಅವರ ಭಾಷೆಗೆ ಹಾಕಿ. ತಲೆ ಮೇಲೆ ಬೀಳುತ್ತೆ ಅಂತಿದ್ದೀನಿ, ಮುಂದಿನ ಸಾಲಿನೋರು ಚಪ್ಪಾಳೆ ತಟ್ತಿದ್ದಾರೆ! ಏನು ಹೇಳಿದ್ರಿ ಅವರಿಗೆ? ಸಕ್ಕರೆ ಹಾಕಬೇಡಿ. ಇದು ಸಕ್ಕರೆ ಹಾಕೋ ಮಾತಲ್ಲ.

ಹಾಂ. ಈಗ ಸುಮ್ಮನಾದ್ರು. ಈಗ ಸರಿಯಾಗಿ ಹೇಳಿದ್ದೀರ.

ಸ್ವಯಂಸೇವಕರೇ, ನಿಮ್ಮಲ್ಲಿ ಒಬ್ಬರು ಹಲ್ಲಿನ ಡಾಕ್ಟ್ರು, ಒಬ್ಬರು ಬ್ಯಾಂಕಿನೋರು, ಇಬ್ಬರು ಕಾಲೇಜು ಹುಡುಗೀರು. ಗಾರೆ ಮೆತ್ತೋ ಕರಣೆ ಯಾವ ಕಡೆಯಿಂದ ಹಿಡೀಬೇಕು ಅಂತ ಐದು ವಾರದ ಹಿಂದೆ ಯಾರಿಗೂ ಗೊತ್ತಿರಲಿಲ್ಲ. ನಾನು ನಿಮ್ಮೂರಿಗೆ ಬಂದು "ಐದು ವಾರ ಧರ್ಮಕ್ಕೆ ಹಲ್ಲು ಕೀಳ್ತೀನಿ" ಅಂದ್ರೆ ನೀವು ಬಾಯಿ ತೆಗೀತೀರಾ? ನಾವು ತೆಗೆದ್ವಿ. ಬಡವರ ಬಾಯಿ, ಯಾವಾಗಲೂ ತೆಗೆದೇ ಇರುತ್ತೆ ಅಂತ ಅಂದ್ಕೊಂಡ್ರೇನೋ.

ಸುಳ್ಳು ಹೇಳಲ್ಲ. ಕೆಲಸಕ್ಕೆ ನೀವು ಮೈಗಳ್ಳರಲ್ಲ. ಅಂಗೈ ಬೊಬ್ಬೆ ಬಂದ್ರೂ ಗಾರೆ ಕಲಸಿದ್ರಿ. ಅದರಲ್ಲೂ ಅಲ್ಲಿ ಕೂತಿದ್ದಾರಲ್ಲ, ಟೋಪಿ ಅಜ್ಜ. ನಾವಿಟ್ಟ ಹೆಸರು ಅದು, ಅವರಿಗೂ ಗೊತ್ತು. ಅವರೂರಲ್ಲಿ ನಲವತ್ತು ವರ್ಷ ಮೇಷ್ಟ್ರಾಗಿದ್ದೋರಂತೆ. ನಮ್ಮ ಮಾತಲ್ಲಿ ಎರಡೇ ಪದ ಕಲಿತಿದ್ದಾರೆ. ಒಂದೊಂದು ಸಾಲು ಇಟ್ಟಿಗೆ ಮುಗಿದಾಗಲೂ ನನ್ನ ಕಡೆ ತಿರುಗಿ, "ಸರಿಯಾ, ಮೇಸ್ತ್ರಿ?"

ನಾನು ಮೇಸ್ತ್ರಿ ಅಲ್ಲ. ನಮ್ಮ ಮೇಸ್ತ್ರಿ ಕೊನೇ ಸಾಲಲ್ಲಿ ಕೂತಿದ್ದಾರೆ. ಏಳು ಮನೆಗೂ ಪಾಯ ಹಾಕಿದ ಅವರನ್ನ ವೇದಿಕೆಗೆ ಯಾರೂ ಕರೀಲಿಲ್ಲ. ನಾನು ಅವರ ಕೈಕೆಳಗಿನೋನು. ಆದ್ರೆ ಒಬ್ಬ ಮೇಷ್ಟ್ರು, ಅದೂ ಬಿಳೀ ಗಡ್ಡದ ಮೇಷ್ಟ್ರು, ನನ್ನ ಕೇಳಿ ಮುಂದಿನ ಇಟ್ಟಿಗೆ ಇಡ್ತಾರೆ ಅಂದ್ರೆ... ನಿಮಗೆ ಗೊತ್ತಾಗಲ್ಲ ಅದು. ಮೊದಲ ದಿನ ನಾನು ಹಿಂದೆ ತಿರುಗಿ ನೋಡಿದ್ದೆ, ಯಾರನ್ನ ಕೇಳ್ತಿದ್ದಾರೆ ಅಂತ.

ಇರಲಿ. ಆ ಬಾಗಿಲು ಯಾಕೆ ಬೀಳುತ್ತೆ ಅನ್ನೋದಕ್ಕೆ, ಒಂದು ಡಬ್ಬಿ ವಿಷಯಕ್ಕೆ ಬರ್ತೀನಿ.

ಈ ಸ್ವಯಂಸೇವಕರಲ್ಲಿ ಒಂದು ಪದ್ಧತಿ. ಎಲ್ಲೇ ಮನೆ ಕಟ್ಟಲಿ, ಒಂದು ತಗಡಿನ ಡಬ್ಬಿಯಲ್ಲಿ ಪತ್ರ, ಫೋಟೋ, ತಮ್ಮದೇನಾದ್ರೂ ಒಂದು ಗುರುತು ಹಾಕಿ ಗೋಡೆಯೊಳಗೆ ಮುಚ್ಚಿಡ್ತಾರೆ. ಆ ಮನೆಗೆ ಒಳ್ಳೇದಾಗಲಿ ಅಂತ. ಆರು ಮನೆಯಲ್ಲಿ ಅಂಗೈಯಗಲದ ಡಬ್ಬಿ, ಕಿಟಕಿ ಕೆಳಗೆ ಇಟ್ಟಿದ್ದು. ಏನೂ ತೊಂದರೆ ಇಲ್ಲ, ಆರು ಮನೆಯೋರು ಧೈರ್ಯವಾಗಿ ಮಲಗಿ. ಏಳನೇದು ಕೊನೇ ಮನೆ, ಹದಿನಾರು ಜನಕ್ಕೂ ಏನಾದ್ರೂ ಹಾಕೋ ಆಸೆ. ಬಿಸ್ಕತ್ತಿನ ದೊಡ್ಡ ಡಬ್ಬಿ ತಂದ್ರು. ಇಡೋದೆಲ್ಲಿ? ಬಾಗಿಲ ಮೇಲಿನ ತೊಲೆಯೊಳಗೆ. ದಿನಾ ಓಡಾಡೋರ ತಲೆ ಮೇಲೆ ಹಾರೈಕೆ ಇರಬೇಕಂತೆ.

ತೊಲೆ ಅಂದ್ರೆ ಮರದ್ದಲ್ಲ. ಕಂಬಿ ಕಟ್ಟಿ ಕಾಂಕ್ರೀಟು ಸುರಿಯೋದು. ಬಾಗಿಲು ಕಿಟಕಿ ಎರಡಕ್ಕೂ ಸೇರಿ ಒಂದೇ ತೊಲೆ, ಒಂಬತ್ತಡಿ, ಅದರ ಮೇಲೆ ಮಾಳಿಗೆ. ಕಾಂಕ್ರೀಟು ಎಷ್ಟು ಒತ್ತಿದ್ರೂ ತಡ್ಕೊಳ್ಳುತ್ತೆ, ಎಳೆದ್ರೆ ಬಿಟ್ಕೊಳ್ಳುತ್ತೆ. ಎಳೆತ ತಡೆಯೋದು ಕೆಳಗಿನ ಮೂರು ಕಂಬಿ. ಡಬ್ಬಿ ಆ ಕಂಬಿಗಳ ನಡುವೆ ಕೂರಲಿಲ್ಲ.

ಆವತ್ತು ಮೇಸ್ತ್ರಿ ಹೆಂಡತೀನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. "ಕಂಬಿ ಕಟ್ಟಿ ಆಗಿದೆ. ನೀನು ಸುರಿಯೋದಷ್ಟೇ. ತಲೆ ಓಡಿಸಬೇಡ" ಅಂತ ಹೇಳೇ ಹೋಗಿದ್ರು. ಅಜ್ಜ ಡಬ್ಬಿ ಎತ್ತಿ ಹಿಡಿದು, ಕಂಬಿ ತೋರಿಸಿ, ಬೆರಳಲ್ಲೇ ಕತ್ತರಿಯ ಹಾಗೆ ಮಾಡಿ ಕೇಳಿದ್ರು. "ಸರಿಯಾ, ಮೇಸ್ತ್ರಿ?" ನಾನು ಕಂಬಿ ಕಡೆ ನೋಡಿದೆ. ಇನ್ನೊಂದ್ಸಲ ಕೇಳಿದ್ರು. ಸಭಿಕರೇ, ಎರಡು ಸಲ ಕೇಳಿದ್ರು ಆ ಮನುಷ್ಯ. ಹದಿನಾರು ಜನ ನನ್ನ ಬಾಯನ್ನೇ ನೋಡ್ತಿದ್ದಾರೆ. ಸರಿಯಿಲ್ಲ ಅಂದ್ರೆ ಅವರ ಮುಖ ಸಣ್ಣಗಾಗುತ್ತೆ. ನಾಳೆಯಿಂದ ನನ್ನ ಕೇಳೋದು ಬಿಟ್ಟುಬಿಟ್ರೆ?

"ಸರಿ" ಅಂದೆ.

ಕತ್ತರಿಸಿದ್ದು ಅವರಲ್ಲ. ನಾನು. ಮಷೀನು ಹಿಡಿದು ಮೂರು ಕಂಬಿಯಲ್ಲಿ ಎರಡನ್ನ ನಾನೇ ಕತ್ತರಿಸಿದೆ.

ಇದನ್ನ ಹೇಳಬೇಕು ಅಂತ ವೇದಿಕೆ ಹತ್ತಿರಲಿಲ್ಲ. ತಪ್ಪೆಲ್ಲ ನಿಮ್ಮ ಡಬ್ಬಿದು ಅಂತ ಬೈದು ಇಳಿಯೋಣ ಅಂತಿದ್ದೆ. ಆಯ್ತು, ಬಾಯಿಂದ ಬಂದಾಯ್ತು. ಮೇಸ್ತ್ರಿ, ನಿಮಗೂ ಈಗಲೇ ಗೊತ್ತಾಗ್ತಿರೋದು. ಹೊಡೆಯೋದಿದ್ರೆ ಆಮೇಲೆ ಹೊಡೀರಿ.

ಆ ತೊಲೆಗೆ ಹತ್ತು ದಿನ ನೀರುಣಿಸಿದ್ದು ನಮ್ಮಕ್ಕ. ಇಸ್ತ್ರಿ ಅಂಗಡಿ ಕೆಲಸ ಅವಳದ್ದು. ಆ ಅಂಗಡಿ ಹಿಂದಿನ ತಗಡಿನ ಕೋಣೆಯಲ್ಲೇ ಮಕ್ಕಳು ಹುಟ್ಟಿದ್ದು, ಭಾವ ಹೋಗಿದ್ದು, ಎಲ್ಲ. ದಿನವಿಡೀ ಇಸ್ತ್ರಿಪೆಟ್ಟಿಗೆ ಎಳೆದು ಬಂದು ಕೊಡ ಕೊಡ ನೀರು ಹೊತ್ತಳು. ತೊಲೆ ಕೆಳಗೆ ಕೊಟ್ಟಿದ್ದ ಆಸರೆ ಕಂಬ ತೆಗೆದ ಮಾರನೇ ದಿನ ತೊಲೆ ನಡುವೆ ಕೂದಲೆಳೆ ಬಿರುಕು. ಅದರ ತುದಿಗೆ ಪೆನ್ಸಿಲಲ್ಲಿ ಗೀಟು ಹಾಕಿದೆ, ಬೆಳೆಯುತ್ತಾ ನೋಡೋಣ ಅಂತ. ಅಕ್ಕ ಬಂದು ಬೈದಳು. "ಏನೋ ಅದು ಗೀಚಿರೋದು? ನನ್ನ ಮನೆ ಗೋಡೆ ಕಣೋ, ಕೈ ಮುರೀತೀನಿ." ಅವಳ ಮೂವತ್ತು ವರ್ಷದ ಬಾಳಲ್ಲಿ ಮೊದಲ ಸಲ ಆ ಬಾಯಲ್ಲಿ, "ನನ್ನ ಮನೆ" ಅಂತ.

ಮಾರನೇ ದಿನ ಬಿರುಕು ಗೀಟು ದಾಟಿ ಒಂದು ಬೆರಳು ಹೋಗಿತ್ತು. ಕಾರ್ಯದರ್ಶಿಗಳ ಹತ್ತಿರ ಓಡಿದೆ. "ಸಿಮೆಂಟು ಒಣಗಿದ್ದು ಕಣೋ, ಬಣ್ಣ ಬಳಿ" ಅಂದ್ರು. ಬಳಿದೆ. ಹೌದ್ರೀ, ಅದನ್ನೂ ನಾನೇ ಬಳಿದೆ! ಮೇಸ್ತ್ರಿಗೆ ಹೇಳಿದ್ರೆ ಕಂಬಿ ಕತ್ತರಿಸಿದ್ದು ಯಾರು ಅಂತ ಕೇಳ್ತಾರಲ್ಲ. ಬಣ್ಣನೂ ಸೀಳ್ಕೊಂಡು ಬಂತು. ಇವತ್ತು ಬೆಳಿಗ್ಗೆ ನೋಡಿದ್ರೆ ಒಂದು ಗೇಣು. ಮತ್ತೆ ಓಡಿದೆ. ಆಗ ಈ ಕಾರ್ಯದರ್ಶಿಗಳು ಹೇಳಿದ ಮಾತು ಇದು. "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ನಂತೆ ನಿನ್ನಂಥೋನು. ಬಾಯಿ ಬಿಟ್ರೆ ನಿಮ್ಮಕ್ಕನ ಹೆಸರು ಮನೆ ಸಿಗೋರ ಪಟ್ಟಿಯಿಂದ ಹೋಗುತ್ತೆ. ಕಾಯ್ತಿರೋರು ನೂರು ಜನ ಇದ್ದಾರೆ."

ಅಂದಿಲ್ಲ ಅನ್ನಿ ನೋಡೋಣ, ಇಲ್ಲೇ ಮೈಕಿದೆ.

ಉಡೋ ದಟ್ಟಿ ಆದ್ರೆ ಮೊಳ ಹಾಕ್ತಿರಲಿಲ್ಲ ಸ್ವಾಮಿ. ಗಿಡ್ಡ ಆದ್ರೆ ಮಂಡಿ ಕಾಣುತ್ತೆ, ಅಷ್ಟೇ. ಇದು ಮನೆ. ಉಂಡ ಮನೆ ಜಂತೆ ಎಣಿಸಬಾರದು ಅಂತಾರೆ. ಜಂತೆ ಎಣಿಸೋದೇ ನನ್ನ ಕಸುಬು. ಒಂದೇ ಒಂದು ದಿನ ಎಣಿಸೋದು ಬಿಟ್ಟೆ, ನೋಡಿ ಏನಾಯ್ತು.

ಅಧ್ಯಕ್ಷರೇ, ಪಟ್ಟಿ ನಿಮ್ಮ ಮುಂದಿದೆ. ಹೆಸರು ಹೊಡೆದು ಹಾಕೋದಾದ್ರೆ ಕೆಲಸದೋರ ಪಟ್ಟಿಯಿಂದ ನನ್ನದು ಹೊಡೀರಿ. ಅಕ್ಕನ ಹೆಸರು ಅಲ್ಲೇ ಇರುತ್ತೆ ಅಂತ ಇಷ್ಟು ಜನದ ಮುಂದೆ ಒಂದು ಸಲ ತಲೆಯಾಡಿಸಿ. ಆಡಿಸೋವರೆಗೂ ನಾನು ಇಳಿಯಲ್ಲ. ನಂಗೆ ನಿಂತು ಅಭ್ಯಾಸ ಇದೆ.

...ಆಡಿಸಿದ್ರು. ಎಲ್ಲರೂ ನೋಡಿದ್ರಿ ತಾನೇ? ಮೇಡಮ್, ಇದನ್ನೂ ಅವರಿಗೆ ಹೇಳಿ.

ಅಕ್ಕಾ, ತಲೆ ಬಗ್ಗಿಸಬೇಡ. ನನ್ನ ಮೇಲೆ ಸಿಟ್ಟಿದ್ರೆ ಇರಲಿ, ಇರಬೇಕು. ಇನ್ನೊಂದು ತಿಂಗಳು ತಗಡಿನ ಕೋಣೆಯಲ್ಲೇ ಇರ್ಬೇಕಾಗುತ್ತೆ. ನಾಲ್ಕು ಆಸರೆ ಕಂಬ ಬೆಳಿಗ್ಗೆನೇ ಕೊಟ್ಟು ಬಂದಿದ್ದೀನಿ, ಮೇಲೆ ಯಾರೂ ಹತ್ತದಿದ್ರೆ ಮಾಳಿಗೆ ಕೂರಲ್ಲ. ತೊಲೆ ಒಡೆದು, ಡಬ್ಬಿ ತೆಗೆದು, ಮೂರು ಕಂಬಿನೂ ಹೊಸದಾಗಿ ಹಾಕಿ ಸುರೀಬೇಕು.

ಸ್ವಯಂಸೇವಕರೇ, ನಾಳೆ ನಿಮ್ಮ ವಿಮಾನ. ಕಟ್ಟೋಕೆ ಟೈಮಿಲ್ಲ, ಒಡೆಯೋಕೆ ಇದೆ. ಮೇಸ್ತ್ರಿ ನಿಲ್ಲಿಸಿದ ಜಾಗದಲ್ಲಿ ನಿಲ್ಲಿ, ಸುತ್ತಿಗೆ ನಾನು ಕೊಡ್ತೀನಿ. ಫೋಟೋ ಬೇಕಂದ್ರೆ ಅದನ್ನೇ ತೆಗೀರಿ. ಡಬ್ಬಿ ಅಕ್ಕನ ಕೈಗೆ ಕೊಡಿ, ಗೋಡೆ ಗೂಡಲ್ಲಿ ಇಟ್ಕೊಳ್ತಾಳೆ. ಹಾರೈಕೆ ಗೂಡಲ್ಲಿದ್ರೂ ಹಾರೈಕೆನೇ.

ಅಜ್ಜ ಯಾಕೆ ಎದ್ರು? ಮೇಡಮ್, ಕೂತ್ಕೊಳ್ಳೋಕೆ ಹೇಳಿ, ಅವರ ಮೇಲೆ ಸಿಟ್ಟಿಲ್ಲ ಅಂತ... ಏನದು ಚೀಲದಿಂದ ತೆಗೀತಿರೋದು?

ಕೈಗವಸು.

ಅಜ್ಜಾ, ಇನ್ನೊಂದ್ಸಲ ಕೇಳಿಬಿಡಿ ನನ್ನ. ಆ ಎರಡು ಪದ. ಈ ಸಲ "ಸರಿಯಿಲ್ಲ" ಅಂತೀನಿ.

ವಂದನೆ ಹೇಳೋಕೆ ವೇದಿಕೆ ಹತ್ತಿಸಿದ್ರಿ. ಕಲಸಿದ ಕೈಗಳಿಗೆ ವಂದನೆ, ಹಿಂದಿನ ಸಾಲಿನ ಮೇಸ್ತ್ರಿಗೆ ವಂದನೆ, ಇಷ್ಟು ಹೊತ್ತು ಎದ್ದು ಹೋಗದೆ ಕೂತ ನಿಮಗೂ. ತೊಲೆ ಒಡೆಯೋಕೆ ಏಣಿ ಬೇಕಲ್ಲ, ಎಲ್ಲಿದೆ ಅಂತ ಈಗ ತೋರಿಸ್ತೀನಿ, ಬನ್ನಿ. ನಮಸ್ಕಾರ.