ಸಂತ ರೊಕ್ಕೊನ ತೊಡೆಯ ಹುಣ್ಣು

ಊಟ ಆಗಿದೆ ತಾನೆ ಎಲ್ಲರದೂ? ಆಗದವರು ಈಗಲೇ ಎದ್ದುಹೋಗಿ... ಆಮೇಲೆ ನನ್ನನ್ನು ಬೈಬೇಡಿ. ಯಾರೋ ಕಟ್ಟಿ ಹೇಳಿದ್ದಲ್ಲ ಇದು. ನನ್ನ ಚಿಕ್ಕಮ್ಮನ ಮಗಳು ಕಾರ್ಮೊಸಿನಾಗೆ ಆದದ್ದು.

ನಾಪೊಲಿ ಪಟ್ಟಣದಲ್ಲಿ ದೊಡ್ಡ ಪ್ಲೇಗು ಬಂದುಹೋದ ಮರುವರ್ಷ. ಬದುಕಿ ಉಳಿದೆವಲ್ಲ ಅಂತ ನಮ್ಮೂರಿನವರು ಇಗರ್ಜಿಯ ಪೀಠದ ಮೇಲಕ್ಕೆ ಸಂತ ರೊಕ್ಕೊನ ಚಿತ್ರ ಬರೆಸಿದರು. ಪ್ಲೇಗಿನಿಂದ ಕಾಯುವವನು ಅವನೇ. ತೊಡೆಯ ಹುಣ್ಣು ತೋರಿಸಿಕೊಂಡು ನಿಂತಿರುತ್ತಾನೆ. ಬರೆದವನು ನಾಪೊಲಿಯ ಒನೋಫ್ರಿಯೊ ಮೇಸ್ತ್ರಿ. ಚಿತ್ರ ಏರಿಸಿದ ದಿನ ಹೆಂಗಸರು ಮೂಗು ಮುಚ್ಚಿಕೊಂಡರು. ಬಣ್ಣ ಅಷ್ಟೇ ಅಂತ ಗೊತ್ತಿದ್ದರೂ! ಹುಣ್ಣು ಹಾಗಿತ್ತು... ಅಂಚು ನೀಲಿ, ನಡುವೆ ಹಳದಿ, ಈಗ ಒಡೆಯುತ್ತೆ ಅನ್ನೋ ಹಾಗೆ.

ಕಾರ್ಮೊಸಿನಾ ಪೀಠದ ಬಟ್ಟೆ ಒಗೆಯುವವಳು. ಆ ರಾತ್ರಿ ಕೊಳೆ ಬಟ್ಟೆಯ ಬುಟ್ಟಿ ಹೊತ್ತು ಬಾವಿ ಪಕ್ಕದಿಂದ ಮನೆಗೆ ಬರ್ತಿದ್ದಳು. ಗಾಳಿ ಇಲ್ಲ. ಆದರೂ ರಾಟೆ ಕಿರ್... ಕಿರ್... ಅಂತಿತ್ತು.

ಆಮೇಲೆ ಇನ್ನೊಂದು ಸದ್ದು. ಲಪ್... ಲಪ್... ನಾಯಿ ನೀರು ನೆಕ್ಕಿದ ಹಾಗೆ.

ನಾಯಿಯಲ್ಲ. ಒಬ್ಬ ಗಂಡಸು. ಬಾಲ್ದಿಯೊಳಗೆ ಮುಖ ತುರುಕಿ ಕುಡೀತಿದ್ದ. ಕುಡಿದದ್ದೆಲ್ಲ ತೊಡೆಯಿಂದ ಆಚೆ ಬರ್ತಿತ್ತು. ತೊಟ್... ತೊಟ್... ಕೀವು ಬೆರೆತ ನೀರು. ಕಾಲಡಿ ಹರಿದು ತಿರುಗಿ ಬಾವಿಗೇ ಇಳೀತಿತ್ತು. ಊರೆಲ್ಲ ಕುಡಿಯೋ ಬಾವಿ!

"ಯಾರಪ್ಪಾ ನೀನು?"

ತಲೆಯೆತ್ತಿದ. ಸಂತ ರೊಕ್ಕೊನ ಮುಖ.

"ಅಲುಗಲ್ಲ ಸ್ವಾಮಿ... ಒಂದು ಗುಟುಕು ಕೊಡಿ..."

ಬುಟ್ಟಿ ಅಲ್ಲೇ ಬಿಸಾಡಿ ಓಡಿಬಂದಳು. ರಾತ್ರಿಯೆಲ್ಲ ವಾಂತಿ.

ಬೆಳಿಗ್ಗೆ ಪಾದ್ರಿಗಳ ಮನೆಗೇ ಹೋದಳು. ಮೇಸ್ತ್ರಿ ಅಲ್ಲೇ ಉಳಿದುಕೊಂಡಿದ್ದ, ಹಣ್ಣಾಗಿ ಬಿರಿದ ಅಂಜೂರ ಚೀಪ್ತಾ ಕೂತಿದ್ದ.

"ಮೇಸ್ತ್ರಿ, ಆ ಚಿತ್ರದ ಮುಖ ಯಾರದು?"

"ಸಂತನದು. ಬಟ್ಟೆ ಒಗೆಯೋ ನಿಂಗ್ಯಾಕೆ?"

"ಅವನು ರಾತ್ರಿ ಬಾವೀಲಿ ನೀರು ಕುಡೀತಿದ್ದ. ಅಲುಗಲ್ಲ ಸ್ವಾಮಿ ಅಂದ."

ಅಂಜೂರ ಬಾಯಿ ಹತ್ತಿರವೇ ನಿಂತಿತು. ಪಿಸುಗುಟ್ಟಿದ. "ರೋಗಿಗಳ ಗುಡಿಸಲಲ್ಲಿ ಒಬ್ಬ ಸಿಕ್ಕಿದ, ಅವನನ್ನೇ ನೋಡಿ ಬರೆದೆ. ನೀರು ನೀರು ಅಂತಿದ್ದ. ಕೊಟ್ರೆ ಏಳ್ತಾನೆ, ಕಾಲು ಅಲುಗುತ್ತೆ. ತೊಡೆ ಬರೆದು ಮುಗೀಲಿ, ಕೊಡ್ತೀನಿ ಅಂದೆ."

"ಕೊಟ್ರಾ?"

"ಅಷ್ಟರಲ್ಲೇ ಸತ್ತ."

"ಮತ್ತೆ ತೊಡೆ?"

"ಮಾರನೇ ದಿನ ಬರೆದೆ. ಹೆಣದ ಹುಣ್ಣಿಗೆ ಬಣ್ಣ ಇನ್ನೂ ಚೆನ್ನಾಗಿ ಏರಿತ್ತು."

ಆ ಮಾತು ಹೇಳುವಾಗ ಅವನ ಮುಖದಲ್ಲಿ ಸಂಕಟ ಇರಲಿಲ್ಲವಂತೆ... ಹೆಮ್ಮೆ ಇತ್ತಂತೆ!

"ಅವನ ಹೆಸರು?"

"ಕೇಳ್ಲಿಲ್ಲ."

"ಥೂ! ನಿಮ್ಮ ಕೈಗೆ ಹುಳ ಬೀಳ! ಆ ಚಿತ್ರದಲ್ಲಾದ್ರೂ ಅವನಿಗೆ ನೀರು ಕೊಡಿ. ಊರೆಲ್ಲ ಅವನ ಕೀವು ಕುಡೀತಿದೆ!"

ಪಕ್ಕದಲ್ಲಿದ್ದ ಪಾದ್ರಿಗಳು ಬಾಯಲ್ಲಿದ್ದ ನೀರನ್ನು ಅಲ್ಲೇ ಉಗಿದರು. "ಏಣಿ ಹತ್ತು ಮಾರಾಯಾ," ಅಂದರು. "ಈಗಲೇ."

ಹತ್ತಿದ. ಸಂತನ ತುಟಿಗೆ ಆನಿಸಿ ಒಂದು ಮಣ್ಣಿನ ಹೂಜಿ ಬರೆದ.

ಆ ರಾತ್ರಿ ಕಾರ್ಮೊಸಿನಾ, ಪಾದ್ರಿಗಳು ಇಬ್ಬರೂ ಬಾವಿ ಹತ್ತಿರ ನಿಂತಿದ್ದರು. ರಾಟೆ ಅಲುಗಲಿಲ್ಲ. ಆದರೆ ಬೀಗ ಹಾಕಿದ ಇಗರ್ಜಿಯೊಳಗಿಂದ... ಗಟ... ಗಟ... ಗಟ... ಬಹಳ ಹೊತ್ತು. ಕೊನೆಗೊಂದು ಉಸಿರು. ಹಾ...

ಅಷ್ಟೇ. ಬಾವಿ ಹತ್ತಿರ ಅವನು ಮತ್ತೆ ಕಾಣಿಸಲಿಲ್ಲ.

ಬೆಳಗಾದ ಮೇಲೆ ಮೇಸ್ತ್ರಿ ದ್ರಾಕ್ಷಾರಸ ಬಾಯಿಗಿಟ್ಟು ಕ್ಯಾಕರಿಸಿ ಉಗಿದ. "ಕೊಳೆತಿದೆ!" ನೀರು ಕೊಟ್ಟರು. ಅದನ್ನೂ ಉಗಿದ. ಹೇಸರಗತ್ತೆ ಹತ್ತಿ ಹೊರಟವನು ದಾರಿಯ ಹಳ್ಳ ಕಂಡಲ್ಲೆಲ್ಲ ಇಳಿದು, ಬೊಗಸೆ ತುಂಬಿ, ಓಕರಿಸುತ್ತಿದ್ದನಂತೆ. ನಾಪೊಲಿ ತಲುಪುವ ಮೊದಲೇ ನಾಲಗೆ ಒಣಗಿ ಸತ್ತ ಅಂತಾರೆ. ನಾನು ಕಂಡಿಲ್ಲ. ಕಾಣದ್ದನ್ನು ಆಣೆ ಇಟ್ಟು ಹೇಳಲ್ಲ.

ಕಂಡದ್ದು ಹೇಳ್ತೀನಿ. ಹೋದ ಬೇಸಿಗೆಯಲ್ಲಿ ಸುಣ್ಣ ಬಳಿಯೋಕೆ ಚಿತ್ರ ಇಳಿಸಿದರು. ಒಂದು ಮೂಲೆ ಹಿಡಿದಿದ್ದವನು ನಾನೇ. ಗೋಡೆ ಒಣಗಿ ಬಿರುಕು ಬಿಟ್ಟಿತ್ತು. ಚಿತ್ರದ ಬೆನ್ನು ಮಾತ್ರ ಒದ್ದೆ, ಈಗಷ್ಟೇ ನೀರು ಎರಚಿದ ಹಾಗೆ. ಅದರ ಮೇಲೆ ಬಸವನಹುಳು... ಒಂದರ ಮೇಲೊಂದು ಮೆತ್ತಿಕೊಂಡಿದ್ದವು. ಎಲ್ಲ ಜೀವಂತ. ನಂಬದಿದ್ದರೆ ಬಿಡಿ. ಒಂದು ನನ್ನ ಮೊಣಕೈ ಮೇಲೆ ಬಿತ್ತು. ತಣ್ಣಗಿತ್ತು.