ಗಿಡ್ಡ ನಳಿಗೆಯ ಕೋವಿ

ಅರುವತ್ತೆರಡನೇ ಇಸವಿ. ಪುತ್ತೂರು ತಾಲೂಕು ಕಚೇರಿಯ ಸಾಲಿನಲ್ಲಿ ನಿಂತು ನಿಂತು ಪರಮೇಶ್ವರನಿಗೆ ಸಾಕಾಗಿತ್ತು. ಅವನ ಮುಂದಿದ್ದವರು ಬೆಳ್ಳಾರೆ ಕಡೆಯ ಪದ್ಮಯ್ಯ ಗೌಡರು. ಎರಡು ಹೆಗಲಿಗೂ ಒಂದೊಂದು ಕೋವಿ. ಗುಮಾಸ್ತ ಲೈಸೆನ್ಸ್ ಪುಸ್ತಕದಿಂದ ತಲೆಯೆತ್ತಿದ.

“ಹಂದಿ ಓಡಿಸ್ಲಿಕ್ಕೆ ಒಂದು ಕೋವಿ ಸಾಲದಾ ಗೌಡ್ರೆ?”

“ಹಂದಿಗಲ್ಲ. ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುದು. ಮಡಿಕೇರಿಯಲ್ಲಿ ಕಲಿತ ಆಟ.”

“ಆಟಕ್ಕೆ ಎರಡೆಂತಕ್ಕೆ ಮಾರಾಯ್ರೆ?”

“ಬಿಲ್ಲೆ ನಮ್ಮಿಂದ ದೂರ ಹಾರುದಾದ್ರೆ ಉದ್ದ ನಳಿಗೆ ಬೇಕು, ಚರೆಗುಂಡು ಒಟ್ಟಾಗಿ ಹೋಗ್ತದೆ. ಎದುರಲ್ಲಿ ಅಡ್ಡ ಹಾರಿದ್ರೆ ಗಿಡ್ಡದ್ದು, ಚರೆ ಬೇಗ ಹರಡ್ತದೆ.”

“ಯಾವುದಾದ್ರೂ ಒಂದೇ ಆಟ ಆಡಿ.”

“ಮೊದಲು ನನ್ನ ಹೆಂಡತಿ ದೇವಮ್ಮ ಪಕ್ಕದಲ್ಲೇ ನಿಂತು ಬಿಸಾಡ್ತಿದ್ಲು. ಆಗ ಉದ್ದದ್ದು. ಆಮೇಲೆ ಅವಳ ಕಾಲು ಸೋತಿತು. ಜಗಲಿಯಲ್ಲಿ ಕೂತು ಅಂಗಳಕ್ಕೆ ಅಡ್ಡ ಬಿಸಾಡ್ಲಿಕ್ಕೆ ಸುರು ಮಾಡಿದ್ಲು. ಅದಕ್ಕೇ ಗಿಡ್ಡದ್ದು ತಂದದ್ದು.”

“ಈಗ ಆಡ್ತೀರಾ?”

“ಅವಳು ಹೋಗಿ ಒಂದು ಮಳೆಗಾಲ ಕಳೆಯಿತು.”

ಗುಮಾಸ್ತ ಲೇಖನಿಯನ್ನು ಮಸಿಕುಡಿಕೆಯಲ್ಲಿ ಅದ್ದಿದ.

“ಆಟ ಇಲ್ಲದಿದ್ರೆ ಎರಡು ಬರೀಲಿಕ್ಕಾಗುದಿಲ್ಲ ಗೌಡ್ರೆ. ಒಂದು ಒಪ್ಪಿಸ್ಬೇಕು.”

ಗೌಡರು ಉದ್ದದ ಕೋವಿಯನ್ನು ಮೇಜಿನ ಮೇಲಿಟ್ಟರು.

“ಹಂದಿಗೆ ಉದ್ದದ್ದೇ ಒಳ್ಳೆದಲ್ವಾ?”

“ಒಳ್ಳೆದೇ. ಆದ್ರೆ ಕೋವಿ ಎತ್ತುವ ಮೊದಲು ಜಗಲಿ ಕಡೆ ನೋಡುದು ಅಭ್ಯಾಸ ಆಗಿಹೋಗಿದೆ.”

ಅವರು ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದರು. “ನಿಮ್ಮದೆಂತ?” ಎಂದು ಗುಮಾಸ್ತ ಪರಮೇಶ್ವರನಲ್ಲಿ ಎರಡು ಸಲ ಕೇಳಬೇಕಾಯಿತು.